ಅಳತೆ ಬಲ್ಲ ಬದುಕು: ಆಟಿಸಂ ಮತ್ತು ಎಡಿಎಚ್‌ಡಿ ಇರುವ ವಯಸ್ಕರ ಕಾಯಕ, ಮನೆ, ಮನಸ್ಸು



ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಕೇಳದ ಭಕ್ತರು ವಿರಳ. ಕಲ್ಯಾಣಕ್ಕೆ ಬಂದು ನೆಲೆಸಿದ ಈ ದಂಪತಿಗಳ ಕಾಯಕವೆಂದರೆ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ತಾಯಿ ಲಕ್ಕಮ್ಮ ಅದನ್ನು ಒಳಗಿಡಲಿಲ್ಲ. ನಿತ್ಯದ ಅಳತೆಗೆ ಮೀರಿದ್ದು ನಮಗೆ ಸಲ್ಲದೆಂದು ಹೇಳಿ, ಆಯ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಇನ್ನೊಂದು ದಿನ ಮಾರಯ್ಯನವರು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತು ಕಾಯಕದ ಹೊತ್ತು ಮೀರಿದಾಗ ಅದನ್ನು ನೆನಪಿಸಿದವರೂ ಆ ತಾಯಿಯೇ. ಮೊದಲ ಪ್ರಸಂಗದಿಂದ ಆಸೆಗೆ ಮಿತಿಯಿರಬೇಕೆಂಬ ನೀತಿಯನ್ನೂ, ಎರಡನೆಯ ಪ್ರಸಂಗದಿಂದ ಕಾಯಕನಿಷ್ಠೆಯನ್ನೂ ಪ್ರವಚನಕಾರರು ಬಿಡಿಸಿ ಹೇಳುತ್ತಾರೆ. ಇವೆರಡರಲ್ಲಿಯೂ ನಾವು ಅಷ್ಟಾಗಿ ಗಮನಿಸದ ಮತ್ತೊಂದು ತಿಳಿವಳಿಕೆ ಅಡಗಿದೆ. ಮನುಷ್ಯನ ಒಂದೊಂದು ದಿನಕ್ಕೂ ಒಂದು ಅಳತೆಯುಂಟು. ಮೈಮರೆತವನಿಗೆ ಹಂಗಿಸದೆ ನೆನಪಿಸುವವರು ಬೇಕು. ಇಂದು ಈ ತಿಳಿವಳಿಕೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ನಮ್ಮ ನಡುವೆಯೇ ಬಾಳುತ್ತಿರುವ, ಆದರೆ ನಾವು ಗುರುತಿಸದ ಒಂದು ವರ್ಗದ ಜನರಿಗೆ.

ಅವರು ಯಾರು? ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾಗಿ ಮೈಸೂರಿನ ಹೆಬ್ಬಾಳದ ಕಡೆಯ ಕಂಪನಿಯೊಂದರಲ್ಲಿ ಕೆಲಸ ಹಿಡಿದ ತರುಣ. ಕೆಲಸದಲ್ಲಿ ಜಾಣ, ಆದರೆ ಒಂದೆರಡು ವರ್ಷಗಳಾಗುವಷ್ಟರಲ್ಲಿ ಬಳಲಿ ಬೆಂಡಾಗಿ ರಾಜೀನಾಮೆ ಕೊಟ್ಟು ಮನೆಯಲ್ಲಿ ಕೂರುತ್ತಾನೆ. ಕುವೆಂಪುನಗರದ ಒಬ್ಬ ಗೃಹಿಣಿ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾಳೆ, ನೆಂಟರು ಬಂದು ಹೋದ ಮರುದಿನ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿಬಿಡುತ್ತಾಳೆ. ಅತ್ತೆ ಮನೆಯವರು ಅದನ್ನು ಜಂಬವೆನ್ನುತ್ತಾರೆ. ಒಬ್ಬ ಶಾಲಾ ಶಿಕ್ಷಕರು. ಇಷ್ಟದ ವಿಷಯವನ್ನು ಹಿಡಿದರೆ ಗಂಟೆಗಟ್ಟಲೆ ಪಾಠ ಮಾಡಬಲ್ಲರು, ಆದರೆ ಅಂಕಪಟ್ಟಿಯನ್ನು ಸಕಾಲಕ್ಕೆ ತುಂಬಿಕೊಡಲಾರರು. ಇವು ಯಾರೋ ಗೊತ್ತಾದ ಮೂವರ ಚಿತ್ರಗಳಲ್ಲ, ಮನೆಮನೆಗಳಲ್ಲಿ ಕಾಣಸಿಗುವ ಬಗೆಗಳು. ಇಂಥವರೆಲ್ಲರೂ ಈ ವರ್ಗಕ್ಕೆ ಸೇರಿದವರೆಂದಲ್ಲ. ಆದರೆ ಇವರಲ್ಲಿ ಕೆಲವರ ಹುಟ್ಟುಗುಣವೇ ಬೇರೆ. ವೈದ್ಯಶಾಸ್ತ್ರವು ಅದನ್ನು ಆಟಿಸಂ ಎಂದೂ ಎಡಿಎಚ್‌ಡಿ ಎಂದೂ ಕರೆಯುತ್ತದೆ. ಕನ್ನಡದಲ್ಲಿ ಮೊದಲನೆಯದನ್ನು ಸ್ವಲೀನತೆ ಎಂದೂ, ಎರಡನೆಯದನ್ನು ಗಮನದ ಕೊರತೆ ಮತ್ತು ಅತಿಚಟುವಟಿಕೆ ಎಂದೂ ಬರೆಯುವುದುಂಟು. ಎರಡೂ ಒಬ್ಬನಲ್ಲಿಯೇ ಕೂಡಿರುವುದು ಅಪರೂಪವೇನಲ್ಲ.

ಆಟಿಸಂ ಉಳ್ಳವರ ಇಂದ್ರಿಯಗಳು ಹೊರಗಿನ ಪ್ರಪಂಚವನ್ನು ಗ್ರಹಿಸುವ ರೀತಿ ಬೇರೆ. ನಮಗೆ ಹಿತವಾದ ಗಟ್ಟಿಮೇಳ ಅವರ ಕಿವಿಗೆ ಸುತ್ತಿಗೆಯ ಪೆಟ್ಟಾಗಬಹುದು. ಅಗರಬತ್ತಿ, ಕರ್ಪೂರ, ಮಲ್ಲಿಗೆಗಳ ಕೂಡಿದ ಪರಿಮಳವೇ ತಲೆ ಸಿಡಿಸಬಹುದು. ಮಾತಿನ ಹಿಂದಿರುವ ಸೂಚನೆಗಿಂತ ಮಾತಿನ ನೇರವಾದ ಅರ್ಥ ಅವರಿಗೆ ಬೇಗ ತಿಳಿಯುತ್ತದೆ. ನಿತ್ಯದ ಕ್ರಮ ಕದಲಿದರೆ ಕಾಲಡಿಯ ನೆಲವೇ ಕದಲಿದಂತಾಗುತ್ತದೆ. ಎಡಿಎಚ್‌ಡಿ ಉಳ್ಳವರಿಗಾದರೋ ಗಮನವೇ ಇಲ್ಲವೆಂದಲ್ಲ. ಅದನ್ನು ಬೇಕೆಂದ ಕಡೆಗೆ, ಬೇಕೆಂದ ಹೊತ್ತಿಗೆ ತಿರುಗಿಸುವುದು ಕಷ್ಟ. ರುಚಿಸಿದ ವಿಷಯದಲ್ಲಿ ಊಟ, ನಿದ್ದೆ ಮರೆಯುವಷ್ಟು ಮುಳುಗುವವರು, ಹತ್ತು ನಿಮಿಷದ ಸಾಮಾನ್ಯ ಕೆಲಸವನ್ನು ಹತ್ತು ದಿನ ಮುಂದೂಡುತ್ತಾರೆ. ಎರಡೂ ಕೂಡಿದವರ ಸ್ಥಿತಿ ಇನ್ನೂ ವಿಚಿತ್ರ. ಒಂದೇ ನೊಗಕ್ಕೆ ಎರಡು ಬಗೆಯ ಎತ್ತುಗಳನ್ನು ಕಟ್ಟಿದಂತೆ: ಒಂದು, ನಡೆದ ದಾರಿಯನ್ನು ಬಿಟ್ಟು ಕದಲದು, ಇನ್ನೊಂದು, ಹಸಿರು ಕಂಡಲ್ಲೆಲ್ಲ ಎಳೆಯುವುದು. ಕ್ರಮವಿಲ್ಲದಿದ್ದರೆ ಆತಂಕ, ಕ್ರಮವನ್ನು ಹಾಕಿಕೊಂಡರೆ ನಾಲ್ಕೇ ದಿನದಲ್ಲಿ ಬೇಸರ. ಈ ಎಳೆದಾಟದಲ್ಲಿ ಸವೆಯುವುದು ಗಾಡಿ ಹೊಡೆಯುವವನ ಜೀವ.

ಈ ಮಾತು ಇಷ್ಟು ದಿನ ಏಕೆ ಕಿವಿಗೆ ಬೀಳಲಿಲ್ಲವೆಂದು ಕೆಲವರು ಕೇಳುತ್ತಾರೆ. ಎಲ್ಲವೂ ಮೊಬೈಲಿನ ಪ್ರಭಾವ, ಈಗಿನವರ ಹೊಸ ಫ್ಯಾಷನ್ ಎಂದು ತೀರ್ಪನ್ನೂ ಕೊಡುತ್ತಾರೆ. ಅದು ಸರಿಯಲ್ಲ. ಲಿಯೊ ಕ್ಯಾನರ್ ಎಂಬ ಮನೋವೈದ್ಯರು ಆಟಿಸಂ ಕುರಿತು ಪ್ರಬಂಧ ಬರೆದದ್ದು 1943ರಲ್ಲಿ. ಬಹುಕಾಲ ಇದನ್ನು ಮಕ್ಕಳ ತೊಂದರೆಯೆಂದೇ ತಿಳಿಯಲಾಗಿತ್ತು. ಮಾತು ಬರುವ, ಓದು ಬರುವ ಮಕ್ಕಳು ಲೆಕ್ಕದಿಂದ ತಪ್ಪಿಹೋಗುತ್ತಿದ್ದರು. ಹೆಣ್ಣುಮಕ್ಕಳಂತೂ ಸುತ್ತಲಿನವರನ್ನು ನೋಡಿ ಅನುಕರಿಸುವುದನ್ನು ಬಾಲ್ಯದಲ್ಲಿಯೇ ಕಲಿತು, ತಮ್ಮ ಕಷ್ಟವನ್ನು ಮುಖವಾಡದ ಹಿಂದೆ ಮುಚ್ಚಿಟ್ಟುಕೊಂಡರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು 2013ರಲ್ಲಿ ಪರಿಷ್ಕೃತವಾಗುವವರೆಗೆ ಆಟಿಸಂ ಇರುವವರಿಗೆ ಜೊತೆಯಲ್ಲಿ ಎಡಿಎಚ್‌ಡಿ ಕೂಡ ಇದೆಯೆಂದು ನಿರ್ಣಯಿಸಲು ಅವಕಾಶವೇ ಇರಲಿಲ್ಲ. ಇನ್ನು ಮೊಬೈಲಿನ ಮಾತು: ಎಡಿಎಚ್‌ಡಿ ಎಂದು ನಿರ್ಣಯಿಸಬೇಕಾದರೆ ಅದರ ಲಕ್ಷಣಗಳು 12ನೆಯ ವಯಸ್ಸಿಗೆ ಮೊದಲೇ ಕಾಣಿಸಿಕೊಂಡಿರಬೇಕು, ಆಟಿಸಂನ ಬೇರು ಇನ್ನೂ ಎಳೆಯ ವಯಸ್ಸಿನದು. ನಿನ್ನೆ ಮೊನ್ನೆ ಕೊಂಡ ಯಂತ್ರ ಅದನ್ನು ಹುಟ್ಟಿಸಲಾರದು. ಹಾಗೆಯೇ ಯಾವುದೋ ವೀಡಿಯೋ ನೋಡಿ ತನಗೂ ಇದಿದೆಯೆಂದು ತಾನೇ ತೀರ್ಮಾನಿಸುವುದೂ ತರವಲ್ಲ. ನಿದ್ರಾಹೀನತೆ, ಖಿನ್ನತೆ, ಥೈರಾಯ್ಡ್ ದೋಷಗಳೂ ಗಮನವನ್ನು ಕದಡುತ್ತವೆ. ಬಲ್ಲವರ ಪರೀಕ್ಷೆ ಅಗತ್ಯ.

ಇಲ್ಲಿ ಭಕ್ತರೊಡನೆ ನಿಷ್ಠುರವಾಗಿ ಆಡಬೇಕಾದ ಒಂದು ಮಾತಿದೆ. ಬಸವಣ್ಣನವರು ಮನಸ್ಸಿನ ಚಂಚಲತೆಯನ್ನು ಕೋತಿಗೆ ಹೋಲಿಸಿದ ವಚನವನ್ನು ನಾವೆಲ್ಲ ಬಲ್ಲೆವು. ಮನೆಗಳಲ್ಲಿ ಆ ವಚನ ಎಂಥ ಸಂದರ್ಭದಲ್ಲಿ ಕೇಳಿಬರುತ್ತದೆ? ಮಗ ಪುಸ್ತಕ ಬಿಟ್ಟೆದ್ದಾಗ, ಸೊಸೆ ಕೆಲಸ ಮರೆತಾಗ, ಗಂಡ ಬಿಲ್ಲು ಕಟ್ಟುವುದನ್ನು ತಪ್ಪಿಸಿದಾಗ, ಅವರನ್ನು ಚುಚ್ಚುವುದಕ್ಕೆ. ಆದರೆ ಬಸವಣ್ಣನವರು ಅಲ್ಲಿ ದೂರುತ್ತಿರುವುದು ತಮ್ಮ ಮನಸ್ಸನ್ನು, ನೆರೆಯವರ ಮನಸ್ಸನ್ನಲ್ಲ. ಅಷ್ಟು ದೊಡ್ಡವರು ತಮ್ಮ ಚಂಚಲತೆಯನ್ನು ದೇವರೆದುರು ತೋಡಿಕೊಂಡ ನುಡಿಯನ್ನು ನಾವು ಪರರ ಬೆನ್ನಿಗೆ ಬಾರಿಸುವ ಬಾರುಕೋಲು ಮಾಡಿಕೊಂಡರೆ ವಚನಕ್ಕೆ ಮಾಡುವ ಅಪಚಾರ ಬೇರೊಂದಿಲ್ಲ. ಸೋಮಾರಿಯಾದವನಿಗೆ ಮಾಡುವ ಮನಸ್ಸೇ ಇರುವುದಿಲ್ಲ. ಇವರಿಗೆ ಮನಸ್ಸಿದೆ, ಮನಸ್ಸಿನಿಂದ ಕೈಗೆ ಹೋಗುವ ದಾರಿಯಲ್ಲಿ ತಡೆಯಿದೆ. ಆ ತಡೆಯ ಮುಂದೆ ನಿಂತು ತಮ್ಮನ್ನು ತಾವೇ ಶಪಿಸಿಕೊಳ್ಳುವುದರಲ್ಲಿಯೇ ಅವರ ಅರ್ಧ ದಿನ ಕಳೆದಿರುತ್ತದೆ. ಅದರ ಮೇಲೆ ನಾವೂ ಶಪಿಸಿದರೆ ತಡೆ ಇನ್ನಷ್ಟು ಗಟ್ಟಿಯಾಗುವುದೇ ಹೊರತು ಕರಗುವುದಿಲ್ಲ.

ಆತಂಕವು ಇವರ ಬಾಳಿನ ನೆರಳು. ಅದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು: ಮುಂದೇನಾಗುವುದೋ ತಿಳಿಯದ ಅನಿಶ್ಚಿತತೆ, ಇಂದ್ರಿಯಗಳ ಮೇಲೆ ಬೀಳುವ ಹೊರೆ, ಬಾಲ್ಯದಿಂದ ಕೇಳಿಬಂದ ಬೈಗುಳಗಳ ನೆನಪು. ಮೊದಲನೆಯದಕ್ಕೆ ಮದ್ದು ನಮ್ಮ ನಾಲಗೆಯಲ್ಲಿಯೇ ಇದೆ. "ಸುಮ್ಮನೆ ಹೊರಡು, ಒಂದು ಕಡೆ ಹೋಗಿ ಬರೋಣ" ಎನ್ನುವ ಬದಲು, "ನಾಳೆ ಹತ್ತು ಗಂಟೆಗೆ ನಂಜನಗೂಡಿಗೆ ಹೊರಡುತ್ತೇವೆ, ಅಲ್ಲಿ ಆರೇಳು ಜನರಿರುತ್ತಾರೆ, ಎರಡು ಗಂಟೆಗೆ ಮನೆಗೆ ಮರಳುತ್ತೇವೆ" ಎಂದು ಹಿಂದಿನ ದಿನವೇ ಹೇಳಿದರೆ ಅರ್ಧ ಆತಂಕ ಇಳಿಯುತ್ತದೆ. ಎರಡನೆಯದಕ್ಕೆ ಕಿವಿಗೆ ಹತ್ತಿ, ಕಣ್ಣಿಗೆ ತಂಪು ಕನ್ನಡಕ, ಮೈಗೆ ಒಗ್ಗುವ ಬಟ್ಟೆ, ಗದ್ದಲದಿಂದ ಎದ್ದು ಹೋಗಲು ಒಂದು ಮೂಲೆ; ಇವು ಶೋಕಿಯಲ್ಲ, ಸಾಧನಗಳು. ಕಣ್ಣು ಮಂದವಾದವರು ಕನ್ನಡಕ ಹಾಕಿಕೊಂಡರೆ ನಾವು ನಗುತ್ತೇವೆಯೇ? ಮೂರನೆಯದು ನಿಧಾನವಾಗಿ ಮಾಯಬೇಕಾದ ಗಾಯ. ಆಪ್ತಸಮಾಲೋಚನೆ ಅದಕ್ಕೆ ನೆರವಾಗುತ್ತದೆ. ಅದಕ್ಕಿಂತ ಮೊದಲು ಹೊಸ ಬೈಗುಳ ನಿಲ್ಲಬೇಕು.

ಇನ್ನು ಶಕ್ತಿಯ ವಿಚಾರ. ತಾಯಿ ಲಕ್ಕಮ್ಮನವರ ಅಳತೆ ಇಲ್ಲಿ ದಾರಿದೀಪವಾಗಬಲ್ಲದು. ಎದುರಿಗಿರುವವರ ಮುಖ ನೋಡುತ್ತ, ಯಾವಾಗ ನಗಬೇಕು, ಯಾವಾಗ ಸುಮ್ಮನಿರಬೇಕು ಎಂದು ಪ್ರತಿಕ್ಷಣ ಲೆಕ್ಕ ಹಾಕುತ್ತ ಇರುವವನಿಗೆ ಒಂದು ಗಂಟೆಯ ಹರಟೆಯೂ ಒಂದು ಗದ್ದೆ ಅಗೆದಷ್ಟು ಆಯಾಸ. ಆ ಆಯಾಸ ಹೊರಗೆ ಕಾಣುವುದಿಲ್ಲ. ಕಾಣದ್ದರಿಂದ ಮತ್ತೊಂದು ಕೆಲಸ ಹೇಳುತ್ತೇವೆ. ಅವನೂ ನಾಚಿ ಒಪ್ಪಿಕೊಳ್ಳುತ್ತಾನೆ. ಹೀಗೆ ನಾಳಿನ ಅಕ್ಕಿಯನ್ನು ಇಂದೇ ಬೇಯಿಸುತ್ತ ಹೋದರೆ ಒಂದು ದಿನ ಮಡಕೆ ಬರಿದಾಗುತ್ತದೆ. ಆಗ ಅವನು ವಾರಗಟ್ಟಲೆ ಮಾತಾಡಲಾರ, ಸ್ನಾನ ಮಾಡಲಾರ, ಬಂದ ಪತ್ರವನ್ನು ತೆರೆಯಲಾರ. ಇದು ಸಿಟ್ಟಲ್ಲ, ವೈರಾಗ್ಯವೂ ಅಲ್ಲ. ಅಳತೆ ಮೀರಿದ ಖರ್ಚಿನ ಫಲ.

ಆದುದರಿಂದ ದಿನದ ಲೆಕ್ಕವನ್ನು ಇಡುವುದು ಒಳ್ಳೆಯದು. ಯಾವ ಕೆಲಸ ಶಕ್ತಿಯನ್ನು ತೆಗೆಯುತ್ತದೆ, ಯಾವುದು ತುಂಬುತ್ತದೆ ಎಂದು ಒಂದು ತಿಂಗಳು ಬರೆದು ನೋಡಿದರೆ ಒಬ್ಬೊಬ್ಬರ ಅಳತೆ ಅವರಿಗೇ ತಿಳಿಯುತ್ತದೆ. ಮದುವೆಗೆ ಹೋಗುವ ದಿನದ ಮರುದಿನವನ್ನು ಖಾಲಿ ಬಿಡಬೇಕು. ಎರಡು ಭಾರದ ಕೆಲಸಗಳನ್ನು ಒಂದೇ ದಿನಕ್ಕೆ ಇಡಬಾರದು. ಹಸಿವು, ಬಾಯಾರಿಕೆಗಳು ಇವರಿಗೆ ತಡವಾಗಿ ಅರಿವಿಗೆ ಬರುವುದುಂಟು; ಆದ್ದರಿಂದ ಹಸಿವಾದಾಗ ಉಣ್ಣುವುದಕ್ಕಿಂತ ಗಡಿಯಾರ ನೋಡಿ ಉಣ್ಣುವುದು ಕ್ಷೇಮ. ಮಲಗುವ ಹೊತ್ತು, ಏಳುವ ಹೊತ್ತು ರಜೆಯ ದಿನವೂ ಒಂದೇ ಆಗಿರಲಿ. ಸಂಜೆಯ ಮೇಲೆ ಫಿಲ್ಟರ್ ಕಾಫಿ ಬೇಡ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿಯಿದೆ, ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ. ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ, ಮಾತಿಲ್ಲದೆ ನಡೆಯುವ ಮುಂಜಾನೆಯ ಅರ್ಧ ಗಂಟೆ ಕ್ರಮವನ್ನು ಬಯಸುವ ಎತ್ತಿಗೂ ಹಿತ, ಚಲನೆಯನ್ನು ಬಯಸುವ ಎತ್ತಿಗೂ ಹಿತ.

ಪೂಜೆಯ ವಿಷಯದಲ್ಲಿಯೂ ಇದೇ ಮಾತು. ಅರ್ಧ ಗಂಟೆ ನಿಶ್ಚಲವಾಗಿ ಕೂರಲಾಗದವರನ್ನು ಭಕ್ತಿಹೀನರೆನ್ನಬೇಡಿ. ಐದು ನಿಮಿಷ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ದಿಟ್ಟಿಸಿದರೂ ಅದು ಪೂಜೆಯೇ. ವಿಭೂತಿಯ ಸ್ಪರ್ಶವೇ ಸಹಿಸದ ಚರ್ಮದವರೂ ಇದ್ದಾರೆ. ಅವರ ಹಣೆಯನ್ನು ನೋಡಿ ಅವರ ಒಳಗನ್ನು ಅಳೆಯುವುದು ನಮ್ಮ ಕೆಲಸವಲ್ಲ.

ಕಾಯಕದ ವಿಷಯಕ್ಕೆ ಬರೋಣ. ಕ್ಯಾನರ್ ಅವರ 1943ರ ಪ್ರಬಂಧದಲ್ಲಿ ಮೊದಲನೆಯವನಾಗಿ ವರ್ಣಿತನಾದ ಬಾಲಕ ಡೊನಾಲ್ಡ್ ಟ್ರಿಪ್ಲೆಟ್. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು, 1933ರಲ್ಲಿ ಹುಟ್ಟಿದವನು. ಸದಾ ಎಣಿಸುವುದು, ಅಳೆಯುವುದು ಅವನ ಗೀಳು. ತಂದೆತಾಯಿಗಳು ಕೆಲವು ವರ್ಷ ಅವನನ್ನು ಒಬ್ಬ ರೈತ ದಂಪತಿಗಳ ಮನೆಯಲ್ಲಿ ಬಿಟ್ಟಿದ್ದರು. ಆ ರೈತ ದಂಪತಿಗಳು ಮನೋವೈದ್ಯಶಾಸ್ತ್ರ ಓದಿದವರಲ್ಲ. ಅಳೆಯುವ ಗೀಳು ಇದ್ದ ಹುಡುಗನಿಗೆ ಬಾವಿ ತೋಡಲು ಹೇಳಿ ಅದರ ಆಳವನ್ನು ಅಳೆದು ತಿಳಿಸಲು ಹೇಳಿದರು; ಜೋಳದ ಸಾಲುಗಳನ್ನು ಪದೇಪದೇ ಎಣಿಸುತ್ತಿದ್ದವನ ಕೈಗೆ ನೇಗಿಲು ಕೊಟ್ಟು, ಉಳುತ್ತ ಎಣಿಸಲು ಹೇಳಿದರು. ಅವನು ಕುದುರೆಯನ್ನೂ ನೇಗಿಲನ್ನೂ ಚೆನ್ನಾಗಿ ನಡೆಸುತ್ತಿದ್ದುದನ್ನು ಕ್ಯಾನರ್ ಅವರೇ ಕಂಡು ಬರೆದಿದ್ದಾರೆ. ಮುಂದೆ ಟ್ರಿಪ್ಲೆಟ್ ಪದವಿ ಪಡೆದರು, ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಲೆಕ್ಕದ ಕೆಲಸ ಮಾಡಿದರು, ಒಬ್ಬರೇ ದೇಶದೇಶ ಸುತ್ತಿದರು. 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಬ್ಯಾಂಕಿನಲ್ಲಿ ಅವರ ಮನೆತನಕ್ಕೆ ಸಂಬಂಧವಿತ್ತೆಂಬುದು ನಿಜ; ಸಿರಿತನ ನೆರವಾಯಿತೆಂಬುದೂ ನಿಜ. ಆದರೆ ಊರಿನವರು ಅವರನ್ನು ತಮ್ಮವರೆಂದು ಒಪ್ಪಿಕೊಂಡದ್ದನ್ನು ಹಣ ಕೊಟ್ಟು ಕೊಳ್ಳಲಾಗುವುದಿಲ್ಲ. ಗುಣವನ್ನು ಕಿತ್ತುಹಾಕಲು ಹೊರಡದೆ ಆ ಗುಣಕ್ಕೊಂದು ಕಾಯಕ ಹುಡುಕಿದ ಆ ರೈತ ದಂಪತಿಗಳ ವಿವೇಕಕ್ಕೂ ನಮ್ಮ ಶರಣರ ವಿವೇಕಕ್ಕೂ ದೂರವಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರಿಗೂ ದೋಣಿ ನಡೆಸುವ ಅಂಬಿಗರ ಚೌಡಯ್ಯನವರಿಗೂ ಒಂದೇ ಕೆಲಸವನ್ನು ಯಾರೂ ಒಪ್ಪಿಸಲಿಲ್ಲವಷ್ಟೆ.

ಹಾಗೆಂದು ಆಟಿಸಂ ಇದ್ದವರೆಲ್ಲ ಗಣಿತದ ಮಹಾ ಪ್ರತಿಭೆಗಳೆಂದು ಭ್ರಮಿಸಬಾರದು. ಸಾಮಾನ್ಯ ಮನುಷ್ಯರಿಗೆ ಸಾಮಾನ್ಯ ಕಾಯಕ ಸಾಕು. ಅದನ್ನು ಮಾಡಲು ಅನುವು ಬೇಕು. ಆ ಅನುವು ಹೆಚ್ಚು ಖರ್ಚಿನದಲ್ಲ. ಬಾಯಿಮಾತಿನ ಬದಲು ಬರೆದು ಕೊಟ್ಟ ಸೂಚನೆ. ಒಂದು ಮುಗಿದ ಮೇಲೆ ಇನ್ನೊಂದು ಕೆಲಸ. ತಿಂಗಳ ಕೊನೆಯ ಒಂದೇ ಗಡುವಿನ ಬದಲು ವಾರಕ್ಕೊಂದು ಸಣ್ಣ ಗಡುವು. ಬಾಗಿಲಿನಿಂದ, ಗದ್ದಲದಿಂದ ದೂರವಾದ ಕುರ್ಚಿ. ಪಕ್ಕದಲ್ಲಿ ತಮ್ಮ ಪಾಡಿಗೆ ತಾವು ಕೆಲಸ ಮಾಡುವ ಒಬ್ಬ ಸಹೋದ್ಯೋಗಿ. ಕೊನೆಯದು ವಿಚಿತ್ರವೆನಿಸಬಹುದು, ಆದರೆ ಯಾರೂ ಏನೂ ಹೇಳದೆ ಜೊತೆಯಲ್ಲಿ ಕುಳಿತಿದ್ದರೆ ಸಾಕು, ತಡೆದ ಕೈ ಹರಿಯತೊಡಗುವುದನ್ನು ಅನೇಕರು ಅನುಭವದಿಂದ ಹೇಳುತ್ತಾರೆ.

ಕಾನೂನು ಕೂಡ ಇದನ್ನು ದಯೆಯೆಂದು ಹೇಳುವುದಿಲ್ಲ, ಹಕ್ಕೆಂದು ಹೇಳುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಹೆಸರಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಸರ್ಕಾರಿ ಸಂಸ್ಥೆಗಳು ಅಂಥ ನೌಕರರಿಗೆ ಸಮಂಜಸವಾದ ಹೊಂದಾಣಿಕೆಗಳನ್ನು ಮಾಡಿಕೊಡಬೇಕು; ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಶೇಕಡಾ 4ರ ಮೀಸಲಾತಿಯಲ್ಲಿ ಶೇಕಡಾ 1, ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕೆಯ ದೋಷ, ಮಾನಸಿಕ ಕಾಯಿಲೆ ಮತ್ತು ಬಹು ಅಂಗವೈಕಲ್ಯ ಇರುವವರಿಗೆ ಒಟ್ಟಾಗಿ ಸಲ್ಲುತ್ತದೆ; ಅದಕ್ಕೆ ಅಂಗವೈಕಲ್ಯದ ಪ್ರಮಾಣ ಶೇಕಡಾ 40ಕ್ಕೆ ಕಡಿಮೆಯಿರಬಾರದು. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೊಂದಾಣಿಕೆಯನ್ನು ಆಯಾ ವ್ಯಕ್ತಿಯ ಅಗತ್ಯವನ್ನು ನೋಡಿ ನಿರ್ಧರಿಸಬೇಕೆಂದು ಒತ್ತಿ ಹೇಳಿದೆ. ಎಡಿಎಚ್‌ಡಿ ಮಾತ್ರ ಆ 21ರ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಸೇರಿಲ್ಲ. ಅದೊಂದೇ ಇರುವವರಿಗೆ ಇದು ದೊಡ್ಡ ಕೊರತೆ. ಆದರೆ ನಮ್ಮ ಭಕ್ತರಲ್ಲಿ ಅಂಗಡಿ, ಕಾರ್ಖಾನೆ, ಶಾಲೆಗಳನ್ನು ನಡೆಸುವವರು ಬಹಳ ಮಂದಿ. ಬರೆದು ಕೊಡುವ ಒಂದು ಚೀಟಿಗೆ, ದೂರಕ್ಕೆ ಸರಿಸುವ ಒಂದು ಕುರ್ಚಿಗೆ ಅವರು ಕಾನೂನಿನ ದಾರಿ ಕಾಯಬೇಕಾಗಿಲ್ಲ.

ಸಂಬಂಧಗಳ ಮಾತು ಇನ್ನೂ ಸೂಕ್ಷ್ಮ. ನಮ್ಮ ನುಡಿಯೇ ಸೂಚನೆಗಳಿಂದ ತುಂಬಿದೆ. ಹೊರಟು ಹೋಗುವವರು "ಬರುತ್ತೇನೆ" ಎನ್ನುತ್ತಾರೆ. "ಊಟ ಆಯಿತೇ?" ಎಂದು ಕೇಳುವವರಿಗೆ ಬೇಕಾದದ್ದು ಊಟದ ವರದಿಯಲ್ಲ. ಅತ್ತೆಯವರು "ಪಾತ್ರೆ ಬಹಳ ಬಿದ್ದಿವೆ" ಎಂದರೆ ಅದು ವರ್ಣನೆಯಲ್ಲ, ಅಪ್ಪಣೆ. ನೇರ ಅರ್ಥವನ್ನೇ ಹಿಡಿಯುವ ಸೊಸೆ "ಹೌದು, ಬಹಳ ಬಿದ್ದಿವೆ" ಎಂದು ಒಪ್ಪಿಕೊಂಡು ಸುಮ್ಮನಾದರೆ ಮನೆಯಲ್ಲಿ ಕಿಡಿ ಹೊತ್ತುತ್ತದೆ. ಅವಳಲ್ಲಿ ಅಹಂಕಾರವಿಲ್ಲ, ಅತ್ತೆಯಲ್ಲಿ ಕ್ರೌರ್ಯವಿಲ್ಲ. ಇಬ್ಬರ ನುಡಿ ಬೇರೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನೇ ವಾದಿಸಿದರು: ಅರ್ಥವಾಗದಿರುವುದು ಒಂದೇ ಕಡೆಯ ದೋಷವಲ್ಲ, ಎರಡೂ ಕಡೆಯವರು ಪರಸ್ಪರ ಅರಿಯದಿರುವುದರ ಫಲ. ಆದ್ದರಿಂದ ಕೇಳಬೇಕಾದುದನ್ನು ನೇರವಾಗಿ ಕೇಳೋಣ. "ಅಮ್ಮಾ, ಈ ಪಾತ್ರೆಗಳನ್ನು ಎಂಟು ಗಂಟೆಯೊಳಗೆ ತೊಳೆದಿಡು" ಎಂಬ ಮಾತಿನಲ್ಲಿ ಒರಟುತನವಿಲ್ಲ, ಸ್ಪಷ್ಟತೆಯಿದೆ. ಜಗಳದ ಕಾವಿನಲ್ಲಿ ಇವರಿಗೆ ಮಾತು ಕಟ್ಟಿಹೋಗುವುದುಂಟು. ಆಗ ಉತ್ತರಕ್ಕಾಗಿ ಪೀಡಿಸದೆ ಅರ್ಧ ಗಂಟೆ ಬಿಡಬೇಕು, ಹೇಳಿದ ಹೊತ್ತಿಗೆ ಮರಳಿ ಕೂತು ಮಾತು ಮುಗಿಸಬೇಕು.

ಮದುವೆಯ ಬಗ್ಗೆ ಒಂದು ಕಠಿಣ ಮಾತು. "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬ ಹಿರಿಯರ ನಂಬಿಕೆ ಎರಡು ಮನೆಗಳನ್ನು ಕೆಡಿಸಬಲ್ಲದು. ಮದುವೆ ಔಷಧವಲ್ಲ; ಹೆಣ್ಣು ಯಾರಿಗೂ ಔಷಧವಾಗಿ ಹುಟ್ಟಿಲ್ಲ. ಆಟಿಸಂ ಅಥವಾ ಎಡಿಎಚ್‌ಡಿ ಇರುವವರು ಒಳ್ಳೆಯ ಗಂಡಂದಿರೂ ಹೆಂಡಂದಿರೂ ತಂದೆತಾಯಿಗಳೂ ಆಗಬಲ್ಲರು. ಆದರೆ ಅದು ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಕಷ್ಟ. ಸಂಬಂಧ ಕುದುರಿಸುವಾಗಲೇ, ಹಿರಿಯರ ಮೂಲಕವಲ್ಲದೆ ಹುಡುಗ ಹುಡುಗಿಯರೇ ಕೂತು, ನನಗೆ ಗದ್ದಲ ಆಗುವುದಿಲ್ಲ, ದಿನಕ್ಕೊಂದು ಗಂಟೆ ಒಂಟಿಯಾಗಿರಬೇಕು, ತಾರೀಖುಗಳನ್ನು ಮರೆಯುತ್ತೇನೆ ಎಂದು ಹೇಳಿಕೊಂಡರೆ, ಒಪ್ಪಿ ಬಂದವರು ಅರಿತು ಬಂದಿರುತ್ತಾರೆ. ಒಪ್ಪದವರು ದೂರ ಸರಿದರೆ ಅದೂ ಕ್ಷೇಮವೇ.

ಇಷ್ಟನ್ನೂ ಸುತ್ತಲಿನವರಿಗೆ ಹೇಳಿದ ಮೇಲೆ ಆ ವಯಸ್ಕರಿಗೂ ಒಂದು ಮಾತು ಸಲ್ಲಬೇಕು. ಹುಟ್ಟುಗುಣವು ತಪ್ಪಿಗೆ ಕಾರಣವನ್ನು ಹೇಳುತ್ತದೆ, ತಪ್ಪನ್ನು ಅಳಿಸುವುದಿಲ್ಲ. ಕೊಟ್ಟ ಮಾತು ಮರೆತು ಇನ್ನೊಬ್ಬರಿಗೆ ನಷ್ಟವಾಗಿದ್ದರೆ ಕ್ಷಮೆ ಕೇಳಬೇಕು, ನಷ್ಟ ತುಂಬಬೇಕು, ಮುಂದಕ್ಕೆ ಮರೆಯದಿರುವ ಏರ್ಪಾಡು ಮಾಡಿಕೊಳ್ಳಬೇಕು. ನೆನಪಿನ ಶಕ್ತಿಯನ್ನು ನಂಬದೆ ಗೋಡೆಯ ಕ್ಯಾಲೆಂಡರನ್ನೂ ಫೋನಿನ ಅಲಾರಮ್ಮನ್ನೂ ನಂಬಬೇಕು. ವಿದ್ಯುತ್ ಬಿಲ್ಲು, ವಿಮೆಯ ಕಂತುಗಳು ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಮಾಡಬೇಕು. ಕೀಲಿಕೈಗೆ ಮನೆಯಲ್ಲಿ ಒಂದೇ ಮೊಳೆ ಇರಲಿ. ದೊಡ್ಡ ಕೆಲಸವನ್ನು "ಮನೆ ಶುಚಿ ಮಾಡುವುದು" ಎಂದು ಬರೆದುಕೊಳ್ಳದೆ "ಮೇಜಿನ ಮೇಲಿನ ಲೋಟಗಳನ್ನು ಒಳಗಿಡುವುದು" ಎಂದು ಬರೆದುಕೊಳ್ಳಿ. ಮೊದಲ ಹೆಜ್ಜೆ ಸಣ್ಣದಾದಷ್ಟೂ ತಡೆ ಸಣ್ಣದಾಗುತ್ತದೆ. ಹಳೆಯ ಏರ್ಪಾಡು ಬೇಸರವಾದರೆ ಬದಲಿಸಿಕೊಳ್ಳಿ, ಬದಲಿಸಿದ್ದಕ್ಕಾಗಿ ನಾಚಬೇಡಿ. ಲಕ್ಕಮ್ಮನಂಥ ನೆನಪಿಸುವವರು ಮನೆಯಲ್ಲಿದ್ದರೆ ಅವರ ಹೊರೆಯನ್ನೂ ನೆನೆಯಿರಿ. ನೆನಪಿಸುವವರಿಗೂ ದಣಿವಾಗುತ್ತದೆ, ಅವರ ದಿನಕ್ಕೂ ಒಂದು ಅಳತೆಯಿದೆ.

ನೆರವು ದೂರದಲ್ಲಿಲ್ಲ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ನಮ್ಮ ನಗರದಲ್ಲಿದೆ. ಮಾತು, ಕಿವಿಗಳ ತೊಂದರೆಗೆ ಮಾತ್ರವೆಂದು ನಾವು ತಿಳಿದಿರುವ ಆ ಸಂಸ್ಥೆಯಲ್ಲಿ ಚಿಕಿತ್ಸಾ ಮನೋವಿಜ್ಞಾನದ ವಿಭಾಗವೂ ಇದೆ. ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಎಡಿಎಚ್‌ಡಿಗೆ ವೈದ್ಯರು ಕೊಡುವ ಔಷಧಗಳುಂಟು, ಅನೇಕರಿಗೆ ಅವು ಫಲ ಕೊಡುತ್ತವೆ. ವೈದ್ಯರ ಚೀಟಿಯಿಲ್ಲದೆ ಅವನ್ನು ಮುಟ್ಟಬಾರದು. ಆಟಿಸಂ ಅನ್ನು ವಾಸಿ ಮಾಡುವ ಔಷಧವಿಲ್ಲ. ವಾಸಿ ಮಾಡುತ್ತೇವೆಂದು ಹಣ ಕೇಳುವವರಿಂದ ದೂರವಿರಿ. ಆದರೆ ಜೊತೆಗೂಡುವ ಆತಂಕ, ಖಿನ್ನತೆ, ನಿದ್ರಾಹೀನತೆಗಳಿಗೆ ಚಿಕಿತ್ಸೆಯಿದೆ. ಪೂಜೆ ಮನಸ್ಸಿಗೆ ನೆಲೆ ಕೊಡುತ್ತದೆ, ನಿಜ; ಪೂಜೆಯೊಂದೇ ಸಾಕು, ವೈದ್ಯರೇಕೆ ಎನ್ನುವುದು ಶರಣರ ದಾರಿಯಲ್ಲ. ಅಂಥ ಕಲ್ಯಾಣದಲ್ಲಿ ವೈದ್ಯ ಸಂಗಣ್ಣನವರೂ ಇದ್ದರು, ವೈದ್ಯವೃತ್ತಿಯೇ ಅವರ ಕಾಯಕವಾಗಿತ್ತು.

ಕೊನೆಯದಾಗಿ, ನಾವೆಲ್ಲ ಒಟ್ಟಾಗಿ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಭಕ್ತರ ಮುಂದಿಡಲಾಗಿದೆ. ಜಾತ್ರೆ, ಉತ್ಸವ, ಸಾಮೂಹಿಕ ವಿವಾಹಗಳಲ್ಲಿ ಧ್ವನಿವರ್ಧಕವಿಲ್ಲದ ಒಂದು ಕೋಣೆಯನ್ನು ಮೀಸಲಿಡೋಣ. ಬೆಳಕು ಮಂದವಾಗಿರಲಿ, ನಾಲ್ಕು ಚಾಪೆ, ಒಂದು ಕೊಡ ನೀರು ಇರಲಿ. ಅಲ್ಲಿ ಯಾರು ಬಂದು ಕೂತರೂ ಏಕೆ ಬಂದಿರೆಂದು ಕೇಳುವುದು ಬೇಡ. ಪ್ರಸಾದದ ಪಂಕ್ತಿಯ ನೂಕುನುಗ್ಗಲಿಗೆ ಬರಲಾಗದವರಿಗೆ ಪ್ರಸಾದ ಅಲ್ಲಿಗೇ ಹೋಗಲಿ. ಕಾರ್ಯಕ್ರಮದ ವಿವರ, ಎಷ್ಟು ಗಂಟೆಗೆ ಏನು, ಎಷ್ಟು ಹೊತ್ತು ಎಂಬುದು ಮುಂಚಿತವಾಗಿ ಬರಹದಲ್ಲಿರಲಿ. ಬರೆದ ಹೊತ್ತಿಗೆ ಆರಂಭವಾಗಲಿ. ಆ ಸಮಯಪಾಲನೆಯಿಂದ ಉಳಿದವರಿಗೂ ಹಾನಿಯೇನಿಲ್ಲವಷ್ಟೆ! ಹಸಿದವನ ಮುಂದೆ ಎಲೆ ಹಾಕುವುದು ದಾಸೋಹವೆಂದು ನಾವು ಬಲ್ಲೆವು. ದಣಿದವನಿಗೆ ಒಂದಿಷ್ಟು ಮೌನವನ್ನು ಬಡಿಸುವುದೂ ದಾಸೋಹವೇ ಎಂದು ತಿಳಿದು ನಡೆಯೋಣ.